ಹಾಡಿನ ಪುಸ್ತಕದಲ್ಲಿದ್ದ ಮುತ್ತಜ್ಜಿ

ಮಗಳು ತನ್ಮಯಿಯ ನಿಶ್ಚಿತಾರ್ಥವನ್ನು ಮನೆಯಲ್ಲೇ ಮಾಡುವುದೆಂದು ಮಾತಾದ ದಿನ ವೆಂಕಟಲಕ್ಷ್ಮಿ ಊಟದ ಮೇಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು. ಅಲ್ಲೊಂದು ಮೇಜಿದೆ ಎಂಬುದು ಅವರಿಗೆ ನೆನಪಿನಿಂದಷ್ಟೇ ಗೊತ್ತಿತ್ತು. ಕಣ್ಣಿಗೆ ಕಾಣುತ್ತಿದ್ದುದು ಬರೀ ಕಾಗದ. ಹಳೇ ಪಹಣಿಗಳು, ಜಾತಕದ ನಕಲುಗಳು, ಬಣ್ಣ ಹೋದ ಲಗ್ನಪತ್ರಿಕೆಗಳು, ಯಾರದೋ ಶ್ರಾದ್ಧದ ಪಟ್ಟಿ. ಮೇಜು ತುಂಬಿ ಕುರ್ಚಿಗೆ, ಕುರ್ಚಿ ತುಂಬಿ ನೆಲಕ್ಕೆ ಇಳಿದು, ಹನ್ನೊಂದು ರಟ್ಟಿನ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಕೂತಿದ್ದವು. ಗಂಡ ಹೆಂಡತಿ ಇಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದು ಅಭ್ಯಾಸವಾಗಿ ಹೋಗಿತ್ತು.

"ನಲವತ್ತು ಜನ ಬರ್ತಾರೆ ಕಣ್ರೀ. ಬೀಗರನ್ನ ಎಲ್ಲಿ ಕೂರಿಸ್ಲಿ, ನಿಮ್ಮ ಮುತ್ತಜ್ಜನ ತೊಡೆ ಮೇಲಾ?"

ವೆಂಕಟಸುಬ್ಬಯ್ಯ ಕನ್ನಡಕದ ಮೇಲಿನಿಂದ ನೋಡಿದರು. "ಒಂದು ವಾರ ಟೈಮ್ ಕೊಡು. ನಾನೇ ಎತ್ತಿಡ್ತೀನಿ."

"ಈ ಮಾತು ಹೇಳಿ ನಾಲ್ಕು ಯುಗಾದಿ ಆಯ್ತು."

ಇಬ್ಬರೂ ಜಾಲಹಳ್ಳಿಯ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಗಂಡ ಡ್ರಾಯಿಂಗ್ ಸೆಕ್ಷನ್ನಿನಲ್ಲಿ, ಹೆಂಡತಿ ಸ್ಟೋರ್ಸಿನಲ್ಲಿ. ನಿವೃತ್ತರಾದ ವರ್ಷ ವೆಂಕಟಸುಬ್ಬಯ್ಯ ಮುಳಬಾಗಿಲಿನ ದಾಯಾದಿಯೊಬ್ಬರ ಮನೆಗೆ ಒಂದು ಜಾತಕ ನೋಡಲು ಹೋದರು. ಬರುವಾಗ ವಂಶದ ಹುಚ್ಚನ್ನು ಹತ್ತಿಸಿಕೊಂಡು ಬಂದರು. ಅಲ್ಲಿಂದಾಚೆ ಎಂಟು ವರ್ಷ ತಾಲೂಕು ಕಚೇರಿಗಳು, ಶಾನುಭೋಗರ ಮೊಮ್ಮಕ್ಕಳ ಮನೆಗಳು, ದೇವಸ್ಥಾನದ ಪುರೋಹಿತರು, ಹೀಗೆ ಅವರು ಸುತ್ತದ ಜಾಗವಿರಲಿಲ್ಲ. ಅದರ ಫಲವಾಗಿ ಗೋಡೆಯ ಮೇಲೆ ಏಳು ತಲೆಮಾರಿನ ವಂಶವೃಕ್ಷವೊಂದು ಏರಿತ್ತು. ಡ್ರಾಯಿಂಗ್ ಸೆಕ್ಷನ್ನಿನ ಕೈಬರಹ, ಅಚ್ಚು ಹಾಕಿದ ಹಾಗೆ. ಗಂಡಸರ ಹೆಸರು ಒಂದೂ ಬಿಟ್ಟಿರಲಿಲ್ಲ. ಹೆಂಗಸರದು ಮಾತ್ರ ಹನ್ನೊಂದು ಕಡೆ 'ಪತ್ನಿ' ಎಂದಷ್ಟೇ ಬರೆದು ಖಾಲಿ ಚೌಕ ಬಿಟ್ಟಿತ್ತು. ಅವರ ಮುತ್ತಜ್ಜಿಯ ಚೌಕವೂ ಖಾಲಿಯೇ. ಜಮೀನಿನ ಕಾಗದದಲ್ಲಿ ಹೆಂಗಸರ ಹೆಸರು ಬರುವುದಿಲ್ಲ, ಏನು ಮಾಡಲಿ ಎಂದು ಅವರು ಒಮ್ಮೆ ಬೇಸರದಿಂದಲೇ ಹೇಳಿದ್ದರು.

ಮರುದಿನ ಬೆಳಿಗ್ಗೆ ತಿಂಡಿ ಮುಗಿಯುತ್ತಲೇ ವೆಂಕಟಲಕ್ಷ್ಮಿ ಸೆರಗು ಸಿಕ್ಕಿಸಿ ನೆಲದ ಮೇಲೆ ಚಾಪೆ ಹಾಸಿದರು.

"ನೋಡಿ, ಸ್ಟೋರ್ಸಿನ ರೂಲು. ಒಂದು ಕಾಗದ ಒಂದೇ ಸಲ ಕೈಗೆ ತಗೋಬೇಕು. ತಗೊಂಡ್ಮೇಲೆ ಒಂದು ಗತಿ ಕಾಣಿಸ್ಬೇಕು. ಇಡೋದು ಇಲ್ಲಿ. ಬೇರೆಯವರಿಂದ ತಂದಿದ್ದು, ವಾಪಸ್ ಕೊಡ್ಬೇಕಾದ್ದು ಅಲ್ಲಿ. ಫೋಟೊ ತೆಗೆದ್ರೆ ಸಾಕು ಅನ್ನೋದು ತನ್ಮಯಿಗೆ. ಉಳಿದಿದ್ದು ಹೊರಗೆ. ಮತ್ತೆ ನೋಡ್ತೀನಿ ಅಂತ ಪಕ್ಕಕ್ಕಿಡೋ ಹಾಗಿಲ್ಲ."

ಮೊದಲ ಪೆಟ್ಟಿಗೆಯಲ್ಲೇ ಒಂದೇ ಪಹಣಿಯ ಆರು ಜೆರಾಕ್ಸ್ ಪ್ರತಿ ಸಿಕ್ಕಿದವು.

"ಆರು ಯಾಕ್ರೀ?"

"ಕಳೆದುಹೋಗುತ್ತೇಂತ."

"ಕಳೆದುಹೋಗಿತ್ತಾ?"

"ಹ್ಞೂಂ. ಈ ಮನೇಲಿ ಹುಡುಕೋದಕ್ಕಿಂತ ಹೊಸದಾಗಿ ತೆಗೆಸೋದೇ ಸುಲಭ ಆಗಿತ್ತು."

ವೆಂಕಟಲಕ್ಷ್ಮಿ ಐದನ್ನು ಹೊರಗೆ ಹಾಕಿದರು. ಅವರು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅದರಲ್ಲಿ ಎರಡು ಒಳಗೆ ಬಂದಿದ್ದವು. ಅಂದಿನಿಂದ ಗಂಡನನ್ನು ಹೊರಗೆ ಹೋಗುವ ಗುಡ್ಡೆಗೆ ಬೆನ್ನು ಮಾಡಿ ಕೂರಿಸಿದರು.

ಇನ್ನೊಂದು ಕಷ್ಟವೆಂದರೆ ಪ್ರತಿ ಕಾಗದಕ್ಕೂ ವೆಂಕಟಸುಬ್ಬಯ್ಯನವರ ಬಳಿ ಒಂದು ಕಥೆಯಿತ್ತು. ಚಿಕ್ಕಜ್ಜನೊಬ್ಬ ಪಕ್ಕದ ಮನೆಯ ಕತ್ತೆ ತನ್ನ ಸಂಧ್ಯಾವಂದನೆಯ ಹೊತ್ತಿಗೇ ಸರಿಯಾಗಿ ಕೂಗುತ್ತದೆಂದು ಅಮಲ್ದಾರರಿಗೆ ಬರೆದ ಅರ್ಜಿ ಸಿಕ್ಕಿತು. ಅದನ್ನು ಅವರು ಅದೇ ಗಾಂಭೀರ್ಯದಿಂದ ಓದಿದರು. ವೆಂಕಟಲಕ್ಷ್ಮಿಗೆ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಆ ದಿನ ಒಂದೇ ಪೆಟ್ಟಿಗೆ ಮುಗಿಯಿತು. ಆದರೂ ಅವರಿಗೆ ಬೇಸರವಾಗಲಿಲ್ಲ. ಮೂವತ್ತು ವರ್ಷ ಬೋಲ್ಟು, ಬೇರಿಂಗುಗಳನ್ನು ಅವುಗಳ ಜಾಗದಲ್ಲಿಟ್ಟ ಕೈಗಳಿಗೆ ಮತ್ತೆ ಕೆಲಸ ಸಿಕ್ಕಿತ್ತು. ಗಂಡನ ಜೊತೆ ಹೀಗೆ ನೆಲದ ಮೇಲೆ ಕೂತು ನಕ್ಕು ಎಷ್ಟು ವರ್ಷವಾಗಿತ್ತೋ ಅವರಿಗೆ ನೆನಪಿರಲಿಲ್ಲ.

ಐದನೆಯ ದಿನ ಹೊರಗೆ ಹೋಗುವ ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಒಂದು ಪುಟ್ಟ ಪುಸ್ತಕ ಕೈಗೆ ಬಂತು. ರಟ್ಟು ಕಿತ್ತುಹೋಗಿತ್ತು, ದಾರದಲ್ಲಿ ಹೊಲಿದಿತ್ತು, ಅಂಚುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು.

"ಇದೇನ್ರೀ, ಇಷ್ಟು ಹಳೇದನ್ನ ನೀವೇ ಹೊರಗೆ ಹಾಕಿದ್ದೀರಲ್ಲ?"

"ನಮ್ಮಜ್ಜಿ ರುಕ್ಮಿಣಿಯಮ್ಮನ ಹಾಡಿನ ಪುಸ್ತಕ. ಒಂದೆರಡು ಪುಟ ನೋಡ್ದೆ. ಮಾಹಿತಿ ಏನಿಲ್ಲ ಅದರಲ್ಲಿ."

ರೂಲಿನ ಪ್ರಕಾರ ಅದು ಚೀಲಕ್ಕೆ ಹೋಗಬೇಕಿತ್ತು. ವೆಂಕಟಲಕ್ಷ್ಮಿ ತಮ್ಮ ರೂಲನ್ನು ತಾವೇ ಮುರಿದು, ಪುಸ್ತಕ ಹಿಡಿದುಕೊಂಡು ಮುಂಬಾಗಿಲ ಮೆಟ್ಟಿಲ ಮೇಲೆ ಬೆಳಕಿಗೆ ಕೂತರು. ಆರತಿ ಹಾಡು, ತೊಟ್ಟಿಲ ಹಾಡು ದಾಟಿ ಮಧ್ಯಕ್ಕೆ ಬಂದಾಗ ಒಂದು ಪುಟದ ಮೇಲೆ 'ಚಿಕ್ಕ ಮೈದುನನ ಮದುವೆ. ನಮ್ಮತ್ತೆಗೆ ಅವರು ಹಾಡಿದ್ದು' ಎಂದಿತ್ತು. ಅದರ ಕೆಳಗೆ:

ಬಂದಾಳೋ ನಂಜಮ್ಮ ಬೀಗಿತ್ತಿ ಬಂದಾಳೋ
ಮೂರು ಸೇರು ಪಾಯಸಕೆ ಮುಂದಾಗಿ ಕುಂತಾಳೋ
ಎಲೆಯೊಂದು ಸಾಲದು ಎರಡ್ಹಾಕಿ ಅಂದಾಳೋ

ಎದುರಿನ ಪುಟದಲ್ಲಿ 'ನಾವು ಹಾಡಿದ್ದು':

ಎಲೆಯೇನೋ ಎರಡುಂಟು ಪಾಯಸವೆಲ್ಲಮ್ಮ
ಬಾಗಿಲಲಿ ಅವಿತಿರುವ ಗೌರಮ್ಮ ಹೇಳಮ್ಮ

ಹಳೇ ಮದುವೆಗಳಲ್ಲಿ ಎರಡೂ ಕಡೆಯ ಹೆಂಗಸರು ಎದುರುಬದುರು ಕೂತು ಒಬ್ಬರ ಕಾಲನ್ನೊಬ್ಬರು ಹಾಡಿನಲ್ಲೇ ಎಳೆಯುತ್ತಿದ್ದುದನ್ನು ವೆಂಕಟಲಕ್ಷ್ಮಿ ಚಿಕ್ಕವರಿದ್ದಾಗ ಕಂಡಿದ್ದರು. ಹೆಸರು ಹಿಡಿಯದೆ ಬೀಗಿತ್ತಿಯನ್ನು ಹಂಗಿಸುವುದಾದರೂ ಹೇಗೆ? ಮುಂದಿನ ಸಲಕ್ಕೆ ಜವಾಬು ಸಿದ್ಧವಿರಲೆಂದು ರುಕ್ಮಿಣಿಯಮ್ಮ ಪ್ರತಿ ಮದುವೆಯ ಹಾಡನ್ನೂ ಬರೆದಿಟ್ಟುಕೊಂಡಿದ್ದರು. ವೆಂಕಟಲಕ್ಷ್ಮಿ ಇನ್ನೆರಡು ಪುಟ ತಿರುವಿ, ಮತ್ತೆ ಹಿಂದಕ್ಕೆ ಬಂದು, ಎದ್ದು ಒಳಗೆ ಹೋದರು.

"ರೀ, ನಿಮ್ಮ ಮುತ್ತಜ್ಜಿ ಹೆಸರೇನು?"

"ಗೊತ್ತಿಲ್ಲಾಂತ ನಿಂಗೇ ಗೊತ್ತಲ್ಲ."

"ನಂಜಮ್ಮ. ನಿಮ್ಮಜ್ಜಿಯ ಅತ್ತೆ. ಪಾಯಸ ಅಂದ್ರೆ ಪ್ರಾಣ ಅಂತೆ."

ವೆಂಕಟಸುಬ್ಬಯ್ಯ ಪುಟವನ್ನು ಎರಡು ಸಲ ಓದಿದರು. ಡ್ರಾಯಿಂಗ್ ಪೆನ್ನು ಹುಡುಕಿಕೊಂಡು ಬಂದು ಗೋಡೆಯ ಮುಂದೆ ನಿಂತರು. ಖಾಲಿ ಚೌಕದಲ್ಲಿ 'ನಂಜಮ್ಮ' ಎಂದು ಬರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು.

"ಹನ್ನೆರಡು ಸಲ ಮುಳಬಾಗಿಲಿಗೆ ಹೋಗಿದೀನಿ ಲಕ್ಷ್ಮೀ, ಈ ಹೆಸರಿಗೆ," ಎಂದರು ಗೋಡೆಯ ಕಡೆಗೇ ಮುಖ ಮಾಡಿ. "ನೀನು ನೋಡ್ದೇ ಇದ್ದಿದ್ರೆ ಇವತ್ತು ರದ್ದಿಗೆ ಹೋಗಿರೋಳು."

ವೆಂಕಟಲಕ್ಷ್ಮಿ ಅವರ ಬೆನ್ನ ಮೇಲೊಮ್ಮೆ ಕೈಯಾಡಿಸಿ ಕಾಫಿ ಮಾಡಲು ಹೋದರು.

ಮಧ್ಯಾಹ್ನ ಇಬ್ಬರೂ ವಿದ್ಯಾರಣ್ಯಪುರಕ್ಕೆ ಫೋನು ಮಾಡಿದರು. ಅಲ್ಲಿ ಮಗಳ ಮನೆಯಲ್ಲಿರುವ ಅಚ್ಚಮ್ಮತ್ತೆ ರುಕ್ಮಿಣಿಯಮ್ಮನ ಕೊನೆಯ ಮಗಳು, ವೆಂಕಟಸುಬ್ಬಯ್ಯನವರಿಗೆ ಸೋದರತ್ತೆ. ಎಂಬತ್ತೊಂಬತ್ತು ವರ್ಷ. ಮೊದಲ ಸಾಲು ಓದಿದ್ದೇ ತಡ, ಉಳಿದ ಎರಡು ಸಾಲನ್ನು ಆ ಕಡೆಯಿಂದ ಅವರೇ ರಾಗ ಎಳೆದು ಮುಗಿಸಿದರು.

"ನಂಜಮ್ಮ ನಾನು ಹುಟ್ಟೋ ಮುಂಚೆ ಹೋದ್ರಪ್ಪ. ಮನೇಲಿ ದೊಡ್ಡಮ್ಮ ದೊಡ್ಡಮ್ಮ ಅಂತಿದ್ರೇ ಹೊರತು ಹೆಸರು ಯಾರೂ ಎತ್ತುತಿರ್ಲಿಲ್ಲ. ಹಾಡಲ್ಲಿ ಮಾತ್ರ ಇತ್ತು. ಇಷ್ಟು ವರ್ಷ ನನ್ನನ್ಯಾಕೋ ಕೇಳ್ಲಿಲ್ಲ ನೀನು?"

"ಬಂದು ಕೇಳಿದ್ನಲ್ಲ ಅತ್ತೆ. ಜಮೀನಿನ ವಿಷಯ, ಗೋತ್ರದ ವಿಷಯ..."

"ಜಮೀನು ನಂಗೇನೋ ಗೊತ್ತು? ಹಾಡು ಕೇಳಿದ್ದಿದ್ರೆ ಹೇಳಿರ್ತಿದ್ದೆ."

ಸ್ಪೀಕರಿಗೆ ಹಾಕಿದ ಫೋನಿನಲ್ಲಿ ಅವರು ಒಂದು ಗಂಟೆ ಹಾಡಿದರು. ವೆಂಕಟಲಕ್ಷ್ಮಿ ಪುಸ್ತಕದ ಪುಟ ತಿರುವುತ್ತ ಹೋದರು, ವೆಂಕಟಸುಬ್ಬಯ್ಯ ಗೋಡೆಗೂ ಫೋನಿಗೂ ಓಡಾಡಿದರು. ಸಂಜೆ ತನ್ಮಯಿ ಮಹದೇವಪುರದ ಆಫೀಸಿನಿಂದ ಎರಡು ಬಸ್ಸು ಬದಲಿಸಿ ಬಂದಾಗ ಹನ್ನೊಂದರಲ್ಲಿ ಒಂಬತ್ತು ಚೌಕ ತುಂಬಿದ್ದವು. ಪುಟ್ಟಚ್ಚಿ, ಅಲಮೇಲು, ತಂಗಮ್ಮ... ಅವಳು ಚೀಲವನ್ನೂ ಕೆಳಗಿಡದೆ ಒಂದೊಂದನ್ನೇ ಓದಿದಳು.

"ಅಪ್ಪ, ತಂಗಮ್ಮ ಯಾರು?"

"ಗೊರಕೆ ಹೊಡೆದು ಕಳ್ಳರನ್ನ ಓಡಿಸಿದೋಳು," ಎಂದರು ಅಪ್ಪ. "ಹಾಡಿನ ಪ್ರಕಾರ."

ಅಲ್ಲಿಂದ ಕೆಲಸ ದಡದಡನೆ ಸಾಗಿತು. ಕಾಗದವೊಂದನ್ನು ಬಿಡುವುದು ಈಗ ವೆಂಕಟಸುಬ್ಬಯ್ಯನವರಿಗೆ ಮೊದಲಿನಷ್ಟು ಕಷ್ಟವಾಗುತ್ತಿರಲಿಲ್ಲ. ಎರಡೆರಡು ಇದ್ದದ್ದನ್ನು ತಾವೇ ತೆಗೆದು ಕೊಡುತ್ತಿದ್ದರು. ಹೆಂಡತಿ ಮಾತ್ರ ಹೊರಗೆ ಹೋಗುವ ಪ್ರತಿ ಹಾಳೆಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ತನ್ಮಯಿ ಫೋಟೊ ತೆಗೆದು ದಾಯಾದಿಗಳಿಗೆಲ್ಲ ಕಳಿಸಿದಳು. ಹನ್ನೊಂದು ಪೆಟ್ಟಿಗೆ ಮೂರಾದವು. ಒಳಗೇನಿದೆ ಎಂದು ಪ್ರತಿಯೊಂದರ ಮುಚ್ಚಳದ ಮೇಲೂ ವೆಂಕಟಲಕ್ಷ್ಮಿ ಚೀಟಿ ಅಂಟಿಸಿದರು.

ನಿಶ್ಚಿತಾರ್ಥದ ದಿನ ಹುಡುಗ ವಿಶ್ರುತನ ಮನೆಯವರು ಜಿಗಣಿಯಿಂದ ಎರಡು ವ್ಯಾನಿನಲ್ಲಿ, ಒಂದೂವರೆ ಗಂಟೆ ತಡವಾಗಿ ಬಂದರು. ದಾರಿಯುದ್ದಕ್ಕೂ ಟ್ರಾಫಿಕ್ಕು. ಅವನ ತಾಯಿ ಇಂದುಮತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು, ಹೆಚ್ಚು ಮಾತಿಲ್ಲ. ವೆಂಕಟಲಕ್ಷ್ಮಿಗೆ ಅವರ ಮುಂದೆ ಕೊಂಚ ಅಳುಕೇ. ತಾಂಬೂಲ ಬದಲಾಯಿಸಿ, ಉಂಗುರ ತೊಡಿಸಿ, ಎಲ್ಲರೂ ಊಟಕ್ಕೆ ಕೂತರು. ಇಂದುಮತಿಯವರ ತಟ್ಟೆಗೆ ಹೋಳಿಗೆ ಬಿದ್ದದ್ದೇ ತಡ, ಮೂಲೆಯ ಕುರ್ಚಿಯಿಂದ ಅಚ್ಚಮ್ಮತ್ತೆ ಕಂಠ ಸರಿಮಾಡಿಕೊಂಡರು.

ಜಿಗಣಿಯ ಇಂದುಮತಿ ಬೀಗಿತ್ತಿ ಬಂದಾಳೋ
ಟ್ರಾಫಿಕ್ಕಿನಲ್ಲೇ ಉಪವಾಸ ಕುಂತಾಳೋ
ಹೋಳಿಗೆ ಕಂಡೊಡನೆ ಮಗನನ್ನೇ ಮರೆತಾಳೋ

ವೆಂಕಟಲಕ್ಷ್ಮಿಯ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಅಲ್ಲೇ ನಿಂತಿತು. ಅತ್ತೆಗೆ ಮೊದಲೇ ಹೇಳಿಡಬೇಕಿತ್ತು ಎಂದುಕೊಂಡರು. ಈಗಿನ ಕಾಲದ ಬೀಗರು, ಏನೆಂದುಕೊಳ್ಳುತ್ತಾರೋ.

ಇಂದುಮತಿ ನಿಧಾನವಾಗಿ ತಟ್ಟೆ ಕೆಳಗಿಟ್ಟರು. ಎಡಗೈಯಿಂದ ಕನ್ನಡಕ ತೆಗೆದರು. ಆಮೇಲೆ ಯಾರೂ ನಿರೀಕ್ಷಿಸದಷ್ಟು ಗಟ್ಟಿ ದನಿಯಲ್ಲಿ, ಅದೇ ಧಾಟಿಯಲ್ಲಿ ಹಾಡಿದರು:

ಹೋಳಿಗೆಯೇನೋ ಚೆನ್ನ, ತುಪ್ಪವು ಎಲ್ಲಮ್ಮ
ಮುಚ್ಚಳಕೆ ಚೀಟಿಯನು ಅಂಟಿಸುವ ಲಕ್ಷ್ಮಮ್ಮ

ಮನೆ ನಗೆಯಲ್ಲಿ ಅದುರಿತು. ಪೆಟ್ಟಿಗೆಗಳ ವಿಷಯವನ್ನು ತನ್ಮಯಿ ವಿಶ್ರುತನಿಗೆ ಹೇಳಿದ್ದಳು, ಅವನು ತಾಯಿಗೆ ಹೇಳಿಬಿಟ್ಟಿದ್ದ. ವೆಂಕಟಲಕ್ಷ್ಮಿ ನಗು ತಡೆಯಲಾರದೆ ಬೀಗಿತ್ತಿಯ ಹೋಳಿಗೆ ಮುಳುಗುವಷ್ಟು ತುಪ್ಪ ಸುರಿದರು.

"ನಮ್ಮಮ್ಮ ಇಂಥದ್ದು ನೂರು ಹೇಳೋರು," ಎಂದರು ಇಂದುಮತಿ ಕನ್ನಡಕ ಹಾಕಿಕೊಳ್ಳುತ್ತ. "ಅವರು ಹೋದ್ಮೇಲೆ ಬಾಯಿ ಬಿಟ್ಟಿದ್ದು ಇವತ್ತೇ ನೋಡಿ."

ಆಮೇಲೆ ಎರಡೂ ಕಡೆಯ ಹೆಂಗಸರು ಅಚ್ಚಮ್ಮತ್ತೆಯ ಸುತ್ತ ಸೇರಿಕೊಂಡರು. ವೆಂಕಟಸುಬ್ಬಯ್ಯ ಪೆನ್ನು ಹಿಡಿದು ನಡುವೆ ನುಗ್ಗಿ, "ಇನ್ನೊಂದ್ಸಲ ಹೇಳಿ, ನಿಮ್ಮ ತಾಯಿ ಹೆಸರು ಏನಂದ್ರಿ?" ಎಂದು ಬರೆದುಕೊಳ್ಳುತ್ತಿದ್ದರು. ಬೀಗರು ಹೊರಟಾಗ ಐದೂವರೆ ದಾಟಿತ್ತು. ಗೇಟಿನ ಬಳಿ ಇಂದುಮತಿ ಹಿಂದುಳಿದು ವೆಂಕಟಲಕ್ಷ್ಮಿಯ ಕೈ ಹಿಡಿದುಕೊಂಡರು.

"ನಮ್ಮತ್ತೆಯವರದ್ದು ಎರಡು ಟ್ರಂಕ್ ಇದೆ ಕಣ್ರೀ, ಬರೀ ಕಾಗದ. ನಮ್ಮವರು ಮುಟ್ಟೋಕೂ ಬಿಡಲ್ಲ, ತಾವೂ ತೆಗೆಯಲ್ಲ. ನೀವೊಂದ್ಸಲ ಬರ್ತೀರಾ?"

"ಭಾನುವಾರ ಬರ್ತೀನಿ," ಎಂದರು ವೆಂಕಟಲಕ್ಷ್ಮಿ. "ನಿಮ್ಮವರನ್ನ ಮಾತ್ರ ಅವತ್ತು ಹೊರಗೆ ಕಳಿಸ್ಬೇಡಿ. ಕಾಗದ ತೆಗೆಯೋವಾಗ ಕಥೆ ಹೇಳೋಕೆ ಒಬ್ರು ಬೇಕು."