ಸ್ಟೇಷನ್ ಶಹಾಬಾದ

1979ರ ಫೆಬ್ರವರಿ 16, ಬೆಳಿಗ್ಗೆ ಒಂಬತ್ತೂವರೆ. ಕರಾಚಿಯಿಂದ ಬಂದು ಹಿಂದಿನ ದಿನವಷ್ಟೇ ರೈಲು ಇಳಿದಿದ್ದ ರಹೀಮಾ ಶಹಾಬಾದದ ಠಾಣೆಯಲ್ಲಿ ಹಾಜರಿ ಕೊಟ್ಟಳು. ಜೊತೆಗೆ ತಮ್ಮ ಜಿಲಾನಿ ಇದ್ದ. ಅವನು ಅಲ್ಲೇ ಕಲ್ಲು ಪಾಲಿಶ್ ಮಾಡುವವನು. ಅಕ್ಕನಿಗೆ ಜಾಮೀನು ಬರೆದುಕೊಟ್ಟವನೂ ಅವನೇ.

ಹವಾಲ್ದಾರ ಬಸವಂತರಾಯ 'ಪರದೇಶಿಯರು' ಎಂದು ಮೇಲೆ ಬರೆದಿದ್ದ ರಜಿಸ್ಟರ್ ತೆರೆದ.

"ನಮ್ಮ ಕಡೆ ಪರದೇಶಿ ಅಂದ್ರ ಯಾರೂ ಇಲ್ಲದವರಿಗಿ ಅಂತಾರ್ರಿ ಸಾಹೇಬ್ರ," ಎಂದಳು ರಹೀಮಾ. "ನನಗ ತಾಯಿ ಅದಾಳ."

"ಊರು ಬಿಟ್ಟು ಇಪ್ಪತ್ಮೂರು ವರ್ಷ ಆದ್ರೂ ಮಾತು ಮರ್ತಿಲ್ಲ ನೋಡ್ರಿ ಆಪಾ. ತಾಯಿ ಎಲ್ಲಿರ್ತಾರ?"

"ಗುಂಡಗುರ್ತಿದಾಗ."

ಅವನ ಪೆನ್ನು ನಿಂತಿತು. "ವೀಸಾದಾಗ ಶಹಾಬಾದ ಒಂದೇ ಅದರಿ. ಬ್ಯಾರೆ ಊರಿಗಿ ಹೋಗಂಗಿಲ್ಲ."

"ಗುಂಡಗುರ್ತಿಗಿ ಸ್ಟೇಷನ್ ಎಲ್ಲದರಿ?"

ಆ ಸೀಮೆಯವರು ದೂರದಲ್ಲಿ ಯಾರಾದರೂ ಊರು ಕೇಳಿದರೆ ಹಳ್ಳಿಯ ಹೆಸರು ಹೇಳುವುದಿಲ್ಲ, ಇಳಿಯುವ ಸ್ಟೇಷನ್ ಹೇಳುತ್ತಾರೆ. ವೀಸಾ ಅರ್ಜಿಯಲ್ಲಿ 'ಹೋಗಬೇಕಾದ ಸ್ಥಳ' ಎಂದಿದ್ದಲ್ಲಿ ರಹೀಮಾ ಅದನ್ನೇ ಬರೆಸಿದ್ದಳು. ಅಲ್ಲಿಂದ ಹಳ್ಳಿಗೆ ಬಸ್ಸಿನಲ್ಲಿ ಒಂದು ತಾಸು.

ವೀಸಾದಲ್ಲಿ ಗುಂಡಗುರ್ತಿಯನ್ನೂ ಸೇರಿಸಿಕೊಡಿ ಎಂಬ ಅರ್ಜಿ ಜಿಲ್ಲಾ ಕಚೇರಿಗೆ ಹೋಯಿತು. ಹತ್ತು ದಿನವಾದರೂ ಉತ್ತರವಿಲ್ಲ. ಜಿಲಾನಿ ಕೆಲಸಕ್ಕೆ ಹೋದ ಮೇಲೆ ರಹೀಮಾ ಬಾಗಿಲಲ್ಲಿ ಒಬ್ಬಳೇ ಕೂತು ಬಸ್ಸಿನ ಹಾರ್ನ್ ಕೇಳುತ್ತಿದ್ದಳು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ತಾಯಿ ಇಮಾಮ್ಬೀಯನ್ನು ಕರೆತರುವಂತಿರಲಿಲ್ಲ. ಜಿಲಾನಿ ಹೋಗಿ ಎಲ್ಲ ಹೇಳಿ ಬಂದ.

"ಅಮ್ಮ ಏನಂದಳು?"

"ಶಹಾಬಾದ ತನಕ ಬಂದಾಳಲ್ಲ, ಬಸ್ ಸಿಗಲಿಲ್ಲೇನು ಅಂದಳು."

27ರ ಬೆಳಿಗ್ಗೆ, ಯಾರಿಗೂ ಹೇಳದೆ, ರಹೀಮಾ ಗುಂಡಗುರ್ತಿಯ ಬಸ್ಸು ಹತ್ತಿದಳು. ಮುದುಕಿಯೊಬ್ಬಳು ಗಂಟು ಸರಿಸಿ ಜಾಗ ಮಾಡಿಕೊಟ್ಟಳು.

"ಕುಂದ್ರವ್ವ. ಎಲ್ಲಿಗಿ ಹೊಂಟಿ?"

"ಗುಂಡಗುರ್ತಿಗಿ."

"ನಮ್ಮೂರೇ ಆತಲ್ಲ. ಯಾರ ಪೈಕಿ ನೀನು?"

ರಹೀಮಾ ಬಾಯಿ ತೆರೆದಳು. ತಾಯಿಯ ಹೆಸರು ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ, ಮರುದಿನ ಠಾಣೆಗೆ. ಜಾಮೀನಿನ ಕಾಗದದಲ್ಲಿ ಇರುವುದು ಜಿಲಾನಿಯ ರುಜು. ಅವನಿಗೆ ಹೆಂಡತಿ, ಮೂರು ಮಕ್ಕಳು.

"ಯಾರ ಪೈಕಿನೂ ಅಲ್ಲ," ಎಂದಳು.

"ಅಯ್ಯ, ಪರದೇಶಿ ಇದ್ದಂಗ ಮಾತಾಡ್ತಿ. ಯಾರೂ ಇಲ್ಲದೂರಿಗಿ ಯಾಕ ಹೊಂಟಿ ಮತ್ತ?"

ಕಂಡಕ್ಟರ್ ಸೀಟಿ ಊದುವ ಮೊದಲೇ ರಹೀಮಾ ಕೆಳಗಿಳಿದಳು. ಬಸ್ಸು ಕಲ್ಲಿನ ಲಾರಿಗಳ ಹಿಂದೆ ಧೂಳಿನಲ್ಲಿ ಹೋಯಿತು.

ವೀಸಾ ಮುಗಿಯುವ ದಿನ, ಮಾರ್ಚ್ 2ರಂದು, ಠಾಣೆಯಲ್ಲಿ ಕೊನೆಯ ರುಜು ಹಾಕಿ ಅವಳು ರೈಲು ಹತ್ತಿದಳು. ಅರ್ಜಿಗೆ ಉತ್ತರ ಆಗಲೂ ಬಂದಿರಲಿಲ್ಲ.