ಏಳನೆಯವಳು

ಬೈಲಹೊಂಗಲದ ಕಬಡ್ಡಿ ಫೈನಲ್‌ನಲ್ಲಿ ಸಂಪಗಾಂವದ ಹುಡುಗಿಯರು ಒಂದೇ ಅಂಕದಿಂದ ಸೋತರು. ಎದುರಾಳಿ ತಂಡದ ಕೊನೆಯ ರೇಡಿನಲ್ಲಿ, ಬಂದವಳನ್ನು ಹಿಡಿಯಲು ನೀಲಾ ಅವಸರಪಟ್ಟು, ಪಕ್ಕದಲ್ಲಿದ್ದ ಪ್ರಜ್ಞಾಳ ಕೈ ಬಿಟ್ಟು ಮುಂದೆ ಹಾರಿದ್ದಳು. ಎದುರಾಳಿ ಆ ಸಂದಿಯಲ್ಲೇ ನುಸುಳಿ ನಡುಗೆರೆ ಮುಟ್ಟಿಬಿಟ್ಟಳು.

ಟೆಂಪೊದಲ್ಲಿ ಊರಿಗೆ ಮರಳುವಾಗ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೂ ಹೊರಗಿನ ಕಬ್ಬಿನ ಹೊಲ ನೋಡುತ್ತ ಕುಳಿತಿದ್ದರು. ಪ್ರಜ್ಞಾ ಮಾತ್ರ ಅವಳ ಭುಜ ತಟ್ಟಿ, “ಇರ್ಲಿ ಬಿಡ, ಬರೂ ವರ್ಷ ಐತಿ” ಅಂದಳು. ಆ ಸಮಾಧಾನವನ್ನೇ ನೀಲಾಳಿಗೆ ತಡೆದುಕೊಳ್ಳಲಾಗಲಿಲ್ಲ.

ಮರುವಾರ ಅವಳು ತಂಡ ಕಟ್ಟಿದ್ದ ಬಸಯ್ಯ ಮಾಸ್ತರರ ಮುಂದೆ ನಿಂತಳು.

“ಸರ್, ನಾ ಓಟಕ್ಕ ಹೋಗ್ತೇನ್ರಿ. ಅಲ್ಲಿ ಸೋತ್ರ ನಾ ಒಬ್ಬಾಕಿನ ಸೋಲತೇನಿ.”

ಓಟ ಅವಳಿಗೆ ಒಲಿಯಿತು. ಧಾರವಾಡದ ಹಾಸ್ಟೆಲಿನಲ್ಲಿದ್ದು ತರಬೇತಿ ಪಡೆದಳು. ಬೆಳಗಿನ ತಂಪಿನಲ್ಲಿ ತನ್ನ ಉಸಿರು, ತನ್ನ ಕಾಲು. ಯಾರ ಕೈಯನ್ನೂ ಕಾಯಬೇಕಿರಲಿಲ್ಲ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಯಿತು. ಮುಂದಿನ ವರ್ಷ ಸವದತ್ತಿಯ ಓಟದಲ್ಲಿ ಅವಳೇ ಮೊದಲು ಬಂದಳು.

ರಜೆಗೆ ಬಂದಾಗ ಪ್ರಜ್ಞಾ ಬೈಲಹೊಂಗಲದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆಂದು ತಿಳಿಯಿತು. ನೀಲಾ ಅಲ್ಲಿಗೇ ಹೋಗಿ, ಕೆಲಸ ಮುಗಿಯುವವರೆಗೆ ಕಾದಳು. ಇಬ್ಬರೂ ಬಸ್‌ಸ್ಟ್ಯಾಂಡಿನತ್ತ ನಡೆದರು.

“ಆಟ ಯಾಕ ಬಿಟ್ಟಿ?” ನೀಲಾ ಕೇಳಿದಳು.

“ನಾ ಎಲ್ಲಿ ಬಿಟ್ನಿ? ನೀ ಹೋದ ಮ್ಯಾಲ ಆರ ಮಂದಿ ಉಳದ್ವಿ. ಏಳನೇದಾಕಿ ಸಿಗಲೇ ಇಲ್ಲ. ಕಿತ್ತೂರಾಗ ರಾಜ್ಯದ ತಂಡಕ್ಕ ಆರಸಾವ್ರು ಬಂದಿದ್ರು. ತಂಡ ಪೂರ್ತಿ ಇಲ್ಲ ಅಂತ ನಮಗ ಅಂಗಳಕ್ಕ ಇಳ್ಯಾಕ ಕೊಡಲಿಲ್ಲ.”

“ಯಾವಾಗ?”

“ನೀ ಸವದತ್ತ್ಯಾಗ ಗೆದ್ದ ದಿನಾನ.”

ನೀಲಾಳ ಕಾಲು ನಿಂತವು. “ನನಗ್ಯಾಕ ಒಂದ್ ಮಾತ ಹೇಳಲಿಲ್ಲ? ನಾ ಬರತಿದ್ನಿ.”

“ಬರತಿದ್ದಿ, ಗೊತ್ತೈತಿ. ಓಟ ಬಿಟ್ಟ, ಅಂಜಿಕೋತ ಬಂದ ನನ್ನ ಬಾಜೂಕ ನಿಲ್ಲತಿದ್ದಿ. ಅದ ನನಗ ಬ್ಯಾಡಾಗಿತ್ತು.” ಪ್ರಜ್ಞಾ ನಗಲು ನೋಡಿದಳು. “ನಿನ್ನ ವಿಡಿಯೋ ನೋಡಿದ್ನಿ. ಭಾಳ ಚಂದ ಓಡತಿ.”

“ಮತ್ತ ತಂಡಾ ಕಟ್ಟೂಣಲ್ಲ, ಪ್ರಜ್ಞಾ?”

“ಯಾರನ್ನ ಕಟ್ಕೊಂಡು? ಒಬ್ಬೊಬ್ರು ಒಂದೊಂದ ದಿಕ್ಕಿಗೆ ಹೋದ್ರು. ಸೋತಿದ್ರೂ ನಡೀತಿತ್ತು ನೀಲಾ, ಕೂಡಿ ಅಳತಿದ್ವಿ.”

ಸಂಪಗಾಂವದ ಬಸ್ಸು ಬಂತು. ಪ್ರಜ್ಞಾ ಹತ್ತಿ, ಕಿಟಕಿಯ ಹತ್ತಿರ ಕುಳಿತು, ಪಕ್ಕದ ಸೀಟಿನ ಮೇಲೆ ತನ್ನ ಚೀಲವಿಟ್ಟು ಜಾಗ ಹಿಡಿದಳು.

“ಬಾ, ಹತ್ತ.”

“ನೀ ನಡಿ. ನಾ ಹಿಂದ ಬರೂ ಬಸ್ಸಿಗೆ ಬರತೇನಿ,” ಎಂದಳು ನೀಲಾ.

ಬಸ್ಸು ತಿರುವು ದಾಟುವವರೆಗೂ ತಡೆದುಕೊಂಡಿದ್ದಳು. ಆಮೇಲೆ ಕಲ್ಲುಕಟ್ಟೆಯ ಮೇಲೆ ಕುಸಿದು, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.