ಬೀಗ ಜಡಿದವನೇ ತೆಗೆಯಬೇಕು

ಛತ್ರಿಯ ಮೊದಲ ಏಟಿಗೇ ಪೆಂಗ್ ಗ್ವೋಷಿಂಗನ ಭಾವಚಿತ್ರದ ಗಾಜು ಪುಡಿಯಾಯಿತು. ಎರಡನೆಯದು ಶವಪೆಟ್ಟಿಗೆಗೆ ಬಿತ್ತು.

“ನೀನೇನೋ ಸತ್ತು ಪಾರಾದೆ! ನನ್ನ ಮಗಳ ಮುಖ ಯಾರು ವಾಪಸ್ ಕೊಡ್ತಾರೋ?”

ಕೂಗಿದವಳು ಚುನ್‌ಹ್ವಾ. ಗ್ವೋಷಿಂಗನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಅವಳ ಮಗಳು ಸುಟ್ಟ ಮೈಯಲ್ಲಿ ಆಸ್ಪತ್ರೆಯಲ್ಲಿದ್ದಳು. ಶಿಂಚು ಪಟ್ಟಣದ ಆ ಬೀದಿಯ ಸಾವಿನ ಶಾಮಿಯಾನದಲ್ಲಿ ಸತ್ತವನಿಗೆಂದು ಕಾಗದದ ಕಮಲ ಮಡಿಸುತ್ತಿದ್ದ ಹೆಂಗಸರು ಎದ್ದು ನಿಂತರೇ ಹೊರತು, ತಡೆಯಲು ಒಬ್ಬಳೂ ಬರಲಿಲ್ಲ. ಚಿಪ್ ಕಾರ್ಖಾನೆಯವರ ಮಾತು ಎಲ್ಲರ ಕಿವಿಗೂ ಬಿದ್ದಿತ್ತಲ್ಲ! ಗ್ವೋಷಿಂಗ್ ಬೀಗ ಹಾಕದೆ ಯಂತ್ರದೊಳಗೆ ನುಗ್ಗಿದನಂತೆ, ಅನಿಲ ಹೊತ್ತಿಕೊಂಡಿತಂತೆ, ಅವನನ್ನು ಎಳೆಯಲು ಹೋದ ಹುಡುಗಿಯೂ ಬೆಂದಳಂತೆ.

ಗ್ವೋಷಿಂಗನ ಹೆಂಡತಿ ಯೂಲಾನ್ ಪೆಟ್ಟಿಗೆಗೆ ಅಡ್ಡ ನಿಂತಳು. ಮೂರನೆಯ ಏಟು ಅವಳ ಭುಜಕ್ಕೆ ಬಿತ್ತು.

“ಹೊಡಿ, ಅಕ್ಕಾ. ಆದ್ರೆ ಬೀಗ ಮರೆತ ಅಂತ ಮಾತ್ರ ಅನ್ಬೇಡ. ಆ ಹೆಸರು ಹೊತ್ಕೊಂಡು ಅವನು ಬೂದಿಯಾಗಬಾರದು.”

*

ಯಂತ್ರದೊಳಗೆ ಇಳಿಯುವವನು ಅನಿಲದ ಕವಾಟಕ್ಕೆ ತನ್ನದೇ ಬೀಗ ಜಡಿದು, ಕೀಲಿಯನ್ನು ಜೊತೆಗೇ ಒಯ್ಯಬೇಕು. ಜಡಿದವನೇ ತೆಗೆಯಬೇಕು. ಹೊಸ ಪೀಳಿಗೆಯ ಚಿಪ್ ಶುರುವಾದ ಮೇಲೆ ಮೇಲಧಿಕಾರಿ ಗು ಕೈವೆನ್‌ಗೆ ಇದೇ ಕಣ್ಣಿಗೆ ಬಿದ್ದ ಕಸವಾಗಿತ್ತು. ಅಪಘಾತಕ್ಕೂ ಮುಂಚೆ ಒಂದು ದಿನ ಯಾರದೋ ಬೀಗಕ್ಕೆ ಕತ್ತರಿ ಹಾಕಲು ಹೋದ. ಗ್ವೋಷಿಂಗ್ ಅವನ ಮಣಿಕಟ್ಟು ತಿರುಚಿ ಗೋಡೆಗೆ ಅಪ್ಪಳಿಸಿದ.

“ಬಿಡೋ, ಮುರಿಯುತ್ತೆ! ಯಂತ್ರ ನಿಂತ್ರೆ ಮೇಲಿನೋರು ನನ್ನ ತಲೆ ತೆಗೀತಾರೆ.”

“ನಿಮ್ಮ ತಲೆ ಹೋದ್ರೆ ಬೇರೆ ಕೆಲಸ ಸಿಗುತ್ತೆ ಸಾಹೇಬ್ರೆ. ಒಳಗಿರೋನ ತಲೆ ಹೋದ್ರೆ?”

ಸಂಜೆ ಇಬ್ಬರೂ ಒಂದೇ ಅಂಗಡಿಯಲ್ಲಿ ಮಾಂಸದುಂಡೆಯ ಸಾರು ಕುಡಿದರು. ಊದಿದ ಕೈಯಲ್ಲಿ ಚಮಚ ಹಿಡಿಯಲಾಗದೆ ಗು ಒದ್ದಾಡುವುದನ್ನು ನೋಡಿ ಗ್ವೋಷಿಂಗ್ ಬಿದ್ದು ಬಿದ್ದು ನಕ್ಕ. ಅಂಥ ಸ್ನೇಹ ಅವರದು.

*

ಊದುಬತ್ತಿ ಹಿಡಿದು ಶಾಮಿಯಾನದ ಜನರ ಹಿಂದೆ ಅಡಗಿದ್ದ ಗು ಕೈವೆನ್‌ನನ್ನು ಗ್ವೋಷಿಂಗನ ಅಣ್ಣ ದೆಶಾನ್ ಕೊರಳಪಟ್ಟಿ ಹಿಡಿದು ಎಳೆತಂದ.

“ಬೀಗ ಇರ್ಲಿಲ್ಲ ಅಂತ ಬರೆದುಕೊಟ್ಟೋನು ನೀನೇ ತಾನೆ? ಪೆಟ್ಟಿಗೆಗೆ ಮೊಳೆ ಹೊಡೆಯೋ ಮುಂಚೆ ಅವನನ್ನೇ ಕೇಳು.”

ಸತ್ತವರನ್ನು ಕೇಳುವುದು ಎರಡು ನಾಣ್ಯ ಎಸೆದು. ಒಂದು ಮೇಲ್ಮುಖ, ಒಂದು ಕೆಳಮುಖ ಬಿದ್ದರೆ ಹೌದು. ದೆಶಾನ್ ಅವನ ಮುಷ್ಟಿಗೆ ನಾಣ್ಯ ತುರುಕಿ, ಮೊಣಕಾಲಿನ ಹಿಂದೆ ಒದ್ದು ಕೆಡವಿದ. ಗು ಪೆಟ್ಟಿಗೆಯತ್ತ ಮುಖ ಮಾಡಿ ನಾಣ್ಯ ಎಸೆದ.

“ಗ್ವೋಷಿಂಗ್... ನೀನು ಬೀಗ ಹಾಕೋದು ಮರ್ತೆಯಾ?”

ನಾಣ್ಯಗಳು ಉರುಳಿ ನಿಂತವು. ಒಂದು ಮೇಲ್ಮುಖ, ಒಂದು ಕೆಳಮುಖ.

“ನೋಡಿದ್ರಾ? ಪಾಪಿ, ತಾನೇ ಒಪ್ಕೊಂಡ!” ಎಂದು ಚುನ್‌ಹ್ವಾ ಎದೆ ಬಡಿದುಕೊಂಡಳು.

ಯೂಲಾನ್ ಕುಸಿದು ಕೂತಳು. ದೆಶಾನ್‌ನ ಕೈ ಸಡಿಲವಾಯಿತು. ಗು ಇನ್ನು ಎದ್ದು ಹೋಗಬಹುದಿತ್ತು, ಕೇಳುವವರೇ ಇರಲಿಲ್ಲ. ಅವನು ನಾಣ್ಯಗಳನ್ನೇ ನೋಡಿದ. ಆಮೇಲೆ ಪೆಟ್ಟಿಗೆಗೆ ಮುಷ್ಟಿಯಿಂದ ಗುದ್ದಿದ.

“ಯಾಕೋ ಸುಳ್ಳು ಹೇಳ್ತೀಯ? ಸತ್ತ ಮೇಲೂ ನನ್ನನ್ನ ಕಾಯ್ತೀಯೇನೋ! ಹಾಕಿದ್ದೆ ಕಣೋ, ನೀನು ಬೀಗ ಹಾಕಿದ್ದೆ. ಕತ್ತರಿಸಿದೋನು ನಾನು! ಮೈಯೆಲ್ಲ ಮುಚ್ಚೋ ಆ ಬಿಳಿ ಉಡುಪಲ್ಲಿ ಕಣ್ಣು ಬಿಟ್ಟು ಬೇರೇನು ಕಾಣುತ್ತೆ? ಯಾರೋ ಒಬ್ಬ ಯಂತ್ರದಿಂದ ಹೊರಗೆ ಬಂದ, ನೀನೇ ಅನ್ಕೊಂಡೆ... ಅನಿಲ ಬಿಟ್ಟೆ...”

ದೆಶಾನ್‌ನ ಗುದ್ದಿಗೆ ಅವನ ಹಲ್ಲೊಂದು ಮುರಿದು ನೆಲಕ್ಕೆ ಬಿತ್ತು. ಇನ್ನೊಂದು ಗುದ್ದಿಗೆ ಮೂಗು ಒಡೆಯಿತು. ನಾಲ್ಕು ಜನ ಸೇರಿ ದೆಶಾನ್‌ನನ್ನು ಎಳೆದು ಹಿಡಿದರು.

ಯೂಲಾನ್ ಎದ್ದು ಬಂದಳು. ಗು ಮಂಡಿಯೂರಿಯೇ ಇದ್ದ, ಕೈಯೆರಡನ್ನೂ ನೆಲಕ್ಕೆ ಊರಿದ್ದ. ಅವಳು ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು. ಅವನ ತಲೆ ರಕ್ತ ಸುರಿಸುತ್ತ ಎದೆಗೆ ಜೋತುಬಿತ್ತು.

ಚುನ್‌ಹ್ವಾ ಹಿಂದಿನಿಂದ ಬಂದು, ಅವನ ಕೂದಲು ಹಿಡಿದು, ಮುಖವನ್ನು ಯೂಲಾನ್‌ಳ ಕಡೆಗೆ ನೆಟ್ಟಗೆ ಎತ್ತಿ ಹಿಡಿದಳು.